ಮೇಲ್ ಕ್ಲಸ್ಟರ್ ಕಟ್ಟುವವರಿಗೆ ಒಂದಿಷ್ಟು ಮಾತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಮೇಲ್ ಸರ್ವರ್ ಹಾಕಿಸಬೇಕು ಅನ್ನುವ ಸಣ್ಣ ಕಂಪನಿಗಳು ಸಿಕ್ಕಾಗೆಲ್ಲ ಮೊದಲು ಕೇಳುವುದು ಸ್ಪೀಡ್ ಬಗ್ಗೆ. ನಾನು ಮೊದಲು ಕೇಳುವುದು ಬೇರೆ. ಒಂದು ಮಷಿನ್ ಕೆಟ್ಟು ನಿಂತರೆ, ಆಗಲೇ ಬಂದಿರುವ ಮೇಲ್ ಎಲ್ಲಿರುತ್ತೆ?

ನಮ್ಮ ಸರ್ವರ್ 250 ಅಂತ, ಅಂದರೆ 'ಮೇಲ್ ತಗೊಂಡೆ' ಅಂತ, ಉತ್ತರ ಕೊಟ್ಟ ಮೇಲೆ ಆ ಮೇಲ್ ನಮ್ಮ ಹೊಣೆ. ಕಳಿಸಿದ ಕಡೆಯ ಸರ್ವರ್ ಅದನ್ನು ತನ್ನ ಕ್ಯೂನಿಂದ ತೆಗೆದುಬಿಡುತ್ತದೆ. ಅದಕ್ಕೇ ಮೇಲ್ ಸಾಗಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಮೊದಲು ಡಿಸ್ಕಿಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ನಿಜವಾಗಿ ಡಿಸ್ಕ್ ಸೇರಿತು ಅಂತ ಖಾತ್ರಿ ಮಾಡಿಕೊಂಡು), ಆಮೇಲೆ 250 ಹೇಳುತ್ತದೆ. ನಿಧಾನ ಆಗುತ್ತೆ ಅಂತ ಇದನ್ನು ತಪ್ಪಿಸಲು ದಾರಿ ಹುಡುಕುವವರಿದ್ದಾರೆ, ದಯವಿಟ್ಟು ಬೇಡ. ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಸರ್ವರ್ ಎಸ್‌ಎಸ್‌ಡಿ ಮೇಲೆ ಕ್ಯೂ ಇಡಿ, ವೇಗ ತಾನಾಗೇ ಬರುತ್ತೆ.

ಮೇಲ್ ಬರುವ ಕಡೆ ಕ್ಲಸ್ಟರ್, ಅಂದರೆ ಒಂದು ಬಿದ್ದರೆ ಇನ್ನೊಂದು ನೋಡಿಕೊಳ್ಳುವ ಮಷಿನ್‌ಗಳ ಗುಂಪು, ಮಾಡೋದು ಸುಲಭ. ಎರಡು ಮಷಿನ್, ಎರಡಕ್ಕೂ ಎಂಎಕ್ಸ್ ದಾಖಲೆ (ನಮ್ಮ ಮೇಲ್ ಯಾವ ಮಷಿನ್‌ಗೆ ಬರಬೇಕು ಅಂತ ಹೊರಗಿನವರಿಗೆ ಹೇಳುವ ನಮೂದು), ಅಷ್ಟೇ. ಎರಡೂ ಬಿದ್ದರೂ ಕಳಿಸುವ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ, ಪೋಸ್ಟ್‌ಫಿಕ್ಸ್ ಆದರೆ ಡೀಫಾಲ್ಟ್ ಆಗಿ 5 ದಿನ.

ಕಷ್ಟ ಇರೋದು ಮೇಲ್ ಇಡುವ ಕಡೆ. ಬಳಕೆದಾರರಿಗೆ ಮೇಲ್ ತೆಗೆದುಕೊಡುವ ಸಾಫ್ಟ್‌ವೇರ್ ಡವ್‌ಕಾಟ್ ಓಡುವ ಎರಡು ಸರ್ವರ್ ಹಿಂದೆ ಒಂದೇ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್) ಇಟ್ಟು, ಒಬ್ಬನೇ ಬಳಕೆದಾರನ ಫೋನು ಒಂದಕ್ಕೆ, ಲ್ಯಾಪ್‌ಟಾಪು ಇನ್ನೊಂದಕ್ಕೆ ಹೋಗುವಂತೆ ಬಿಟ್ಟರೆ ಇಂಡೆಕ್ಸ್ ಫೈಲುಗಳು ಕೆಡುತ್ತವೆ. ಹಾಗಾಗಿ ಒಬ್ಬರನ್ನು ಯಾವಾಗಲೂ ಒಂದೇ ಸರ್ವರಿಗೆ ಕಳಿಸಬೇಕು. ಇನ್ನು ಎರಡು ಕಡೆ ಡೇಟಾ ಕಾಪಿ ಇಡುವವರು ಮರೆಯೋದು ಮೂರನೇ ಓಟು, ಅಂದರೆ ಎರಡರಲ್ಲಿ ಯಾವುದು ಬರೆಯಬೇಕು ಅಂತ ತೀರ್ಮಾನಿಸಲು ಮೂರನೇ ಮಷಿನ್. ನಡುವಿನ ಕೇಬಲ್ ಮಾತ್ರ ಹೋದಾಗ ಎರಡೂ ಮಷಿನ್ 'ಆ ಕಡೆಯದು ಸತ್ತಿದೆ' ಅಂದುಕೊಂಡು ಬೇರೆ ಬೇರೆಯಾಗಿ ಬರೆಯೋಕೆ ಶುರು ಮಾಡಿದರೆ, ಆಮೇಲೆ ಅದನ್ನು ಸೇರಿಸೋದು ಯಾರಿಗೂ ಬೇಡ. ಮೂರನೆಯದು ದೊಡ್ಡ ಸರ್ವರ್ ಆಗಬೇಕಿಲ್ಲ. ಮಂಡ್ಯದಲ್ಲಿ ಒಂದು ಬ್ರಾಂಚ್ ಇದ್ದರೆ ಅಲ್ಲೊಂದು ಪುಟ್ಟ ಪೆಟ್ಟಿಗೆ ಸಾಕು, ಅದರ ಕೆಲಸ ಓಟು ಹಾಕೋದು ಮಾತ್ರ.

ಎರಡು ಕಂಪನಿಯ ಇಂಟರ್‌ನೆಟ್ ತಗೊಂಡಿದೀವಿ ಅನ್ನುವವರು ಒಮ್ಮೆ ಹೊರಗೆ ಹೋಗಿ ಕೇಬಲ್ ಯಾವ ದಾರೀಲಿ ಬಂದಿದೆ ನೋಡಿ. ಎರಡೂ ಒಂದೇ ಚರಂಡಿ ಪಕ್ಕ ಬಂದಿದ್ದರೆ ರಸ್ತೆ ಅಗೆಯುವ ಜೆಸಿಬಿಗೆ ಒಂದೇ ಏಟು ಸಾಕು ಅಲ್ವಾ?

ಡಿಎನ್‌ಎಸ್, ಅಂದರೆ ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಅದರ ಬಗ್ಗೆ ಯಾರೂ ಯೋಚಿಸಲ್ಲ. ಲಿನಕ್ಸಿನಲ್ಲಿ ಮೊದಲ ನೇಮ್‌ಸರ್ವರ್ ಸತ್ತಿದ್ದರೆ, ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಒಂದೊಂದು ಹುಡುಕಾಟಕ್ಕೂ 5 ಸೆಕೆಂಡ್ ಕಾದು ಆಮೇಲೆ ಎರಡನೆಯದನ್ನು ಕೇಳುತ್ತದೆ. ಪ್ರತಿ ಮೇಲಿಗೂ ಹಲವು ಹುಡುಕಾಟ ಇರುತ್ತವೆ. ಎಲ್ಲರೂ ಮೇಲ್ ಸರ್ವರನ್ನೇ ಬೈತಾರೆ, ಸಿಪಿಯು ನೋಡಿದರೆ ಸುಮ್ನೆ ಕೂತಿರುತ್ತೆ. ಪ್ರತಿ ಮಷಿನ್‌ನಲ್ಲೂ ಒಂದು ಅನ್‌ಬೌಂಡ್ (ಡಿಎನ್‌ಎಸ್ ಹುಡುಕಾಟವನ್ನು ಅಲ್ಲೇ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡರೆ ಈ ತಲೆನೋವು ಹೋಗುತ್ತೆ.

ಇಷ್ಟೆಲ್ಲ ಆದಮೇಲೆ, ಬಳಕೆದಾರರನ್ನು ಒಳಗೆ ಬಿಡುವ ಮುಂಚೆಯೇ ಒಂದು ಸರ್ವರಿನ ಪವರ್ ಕೇಬಲ್ ಕಿತ್ತು ನೋಡಿ. ಶಟ್‌ಡೌನ್ ಕಮಾಂಡ್ ಕೊಡಬೇಡಿ, ಕೇಬಲ್ಲನ್ನೇ ಕೀಳಿ.