ಶರಾವತಿ ಸೇತುವೆಯೂ ಭಾವನ ಮೊಣಕೈಯೂ

ಕುಮಟೆಯಿಂದ ಮಂಕಿಗೆ ಬಸ್ಸಿನಲ್ಲಿ ಹೋದರೂ ಆಗುತ್ತಿತ್ತು. ಹಡಗಿನ ಕೆಲಸದಿಂದ ರಜೆಗೆ ಬಂದಿದ್ದ ಭಾವನಿಗೆ ಮಾತ್ರ ರೈಲಿನಲ್ಲೇ ಶರಾವತಿ ದಾಟಬೇಕೆಂಬ ಹಟ. ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ಹತ್ತಿದೆವು. ಮಡಗಾಂವ್ ಕಡೆಯಿಂದ ಬರುವಾಗಲೇ ಅದು ಕಾಳಿ, ಗಂಗಾವಳಿ, ಅಘನಾಶಿನಿ ಮೂರನ್ನೂ ದಾಟಿರುತ್ತದೆ. ನಮ್ಮ ಪಾಲಿಗೆ ಉಳಿದದ್ದು ನಾಲ್ಕನೆಯದು.

ಹೊನ್ನಾವರದಲ್ಲಿ ಗಾಡಿ ನಿಂತಿತು, ನಿಂತೇ ಇತ್ತು. ಒಂಟಿ ಹಳಿ, ಎದುರಿನಿಂದ ಎಕ್ಸ್‌ಪ್ರೆಸ್ ಬರಬೇಕು. ‘ಕ್ರಾಸಿಂಗ್’ ಅಂತ ಯಾರೋ ಅಂದದ್ದೇ ತಡ, ಅರ್ಧ ಡಬ್ಬಿ ಪ್ಲಾಟ್‌ಫಾರ್ಮಿಗೆ ಇಳಿಯಿತು.

“ಇಲ್ಲಿ ರೈಲಿಗೆ ರೈಲು ಕಾಯ್ತದೆ. ಸುಯೆಜ್‌ನಲ್ಲಿ ಹಡಗಿಗೆ ರೈಲು ಕಾಯ್ಬೇಕು, ತಮಾ” ಅಂದ ಭಾವ. ಈಜಿಪ್ಟಿನ ಇಸ್ಮಾಯಿಲಿಯಾ ಹತ್ತಿರ, ಎಲ್ ಫರ್ದಾನ್ ಎಂಬಲ್ಲಿ, ಕಾಲುವೆಯ ಮೇಲೊಂದು ತಿರುಗುವ ರೈಲು ಸೇತುವೆ ಇದೆಯಂತೆ. ಅವನ ಹಡಗು ಅದರ ಪಕ್ಕದಲ್ಲೇ ಹಾದುಹೋಗಿದೆ.

“ಸೇತುವೆ ತಿರುಗೋದು ಅಂದ್ರೆ?”

ಭಾವ ಎರಡೂ ಮೊಣಕೈಗಳನ್ನು ದೂರದೂರ ತೊಡೆಗೆ ಊರಿ, ಮುಂಗೈಗಳನ್ನು ಅಡ್ಡ ಚಾಚಿ, ಬೆರಳ ತುದಿ ಸೇರಿಸಿದ. ಮೊಣಕೈ ಎರಡೂ ದಂಡೆಯ ಕಂಬ, ಕೈ ಸೇತುವೆ, ಬೆರಳು ಸೇರುವಲ್ಲಿ ಹಳಿ ಕೂಡುತ್ತದೆ. ಬೀಸುಕಲ್ಲು ಗೂಟದ ಸುತ್ತ ತಿರುಗುವಂತೆ ಒಂದೊಂದು ಕೈಯೂ ಕಂಬದ ಮೇಲೆ ತಿರುಗಿ ದಂಡೆಗೆ ಒರಗಿ ಮಲಗುತ್ತದೆ, ಹಡಗು ನಡುವೆ ಸಾಗುತ್ತದೆ. ಆ ಎರಡು ಕಂಬಗಳ ಅಂತರ 340 ಮೀಟರ್. ಆ ಜಾಗದಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಒಂದಾದ ಮೇಲೊಂದು ಸೇತುವೆ ಎದ್ದಿವೆ. 1947ರಲ್ಲಿ ಹಡಗು ಗುದ್ದಿ ಒಂದು ಕೆಟ್ಟಿತು, 1967ರ ಯುದ್ಧದಲ್ಲಿ ಇನ್ನೊಂದು ನಾಶವಾಯಿತು. ಭಾವ ಕಂಡದ್ದು 2001ರದ್ದು.

“ಹಡಗೇ ಯಾಕೆ ನಿಲ್ಲಬಾರದು?”

“ಹಡಗಿಗೆ ಬ್ರೇಕ್ ಎಲ್ಲಿದೆಯೋ ಮಾರಾಯಾ!”

ಅಷ್ಟರಲ್ಲಿ ಎಕ್ಸ್‌ಪ್ರೆಸ್ ಭರ್ರೆಂದು ಹೋಯಿತು. ಇಳಿದವರು ಓಡಿಬಂದು ಹತ್ತಿದರು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆಲ್ಲ ಚಕ್ರದ ಸದ್ದು ಬದಲಾಯಿತು. ಕಿಟಕಿಯಲ್ಲಿ ಬರೀ ನೀರು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದು, ಎರಡು ಕಿಲೋಮೀಟರಿಗೂ ಚೂರು ಹೆಚ್ಚು. ಪಡುವಲಲ್ಲಿ ಹೆದ್ದಾರಿಯ ಸೇತುವೆ, ಅದರಾಚೆ ಅಳಿವೆ. ಮೂಡಲಲ್ಲಿ ಮಾವಿನಕುರ್ವೆಯ ತೆಂಗಿನ ಸಾಲು. ಕೆಳಗೆ ಒಬ್ಬ ಸಣ್ಣ ದೋಣಿಯಲ್ಲಿ ನಿಂತು ಗಳ ಊರುತ್ತಿದ್ದ, ತಲೆಯೆತ್ತಿಯೂ ನೋಡಲಿಲ್ಲ. ರೈಲಿನ ಕಿಟಕಿಯಿಂದ ನೋಡಿದರೆ ನಮ್ಮ ಹೊಳೆಗಳು ಇದ್ದದ್ದಕ್ಕಿಂತ ಸೋಮಾರಿಯಾಗಿ ಕಾಣುತ್ತವೆ. ಜೋಗದಲ್ಲಿ ಧುಮುಕಿದ್ದು ಇದೇ ನೀರು ಅಂದರೆ ನಂಬಿಕೆ ಬರುವುದಿಲ್ಲ.

ಇದನ್ನೂ ತಿರುಗುವ ಹಾಗೆ ಕಟ್ಟಬಹುದಿತ್ತಾ ಅಂತ ಕೇಳಿದೆ. ಭಾವ ನಕ್ಕ. ಯಾರಿಗಾಗಿ? ದೊಡ್ಡ ಮೀನು ಬೋಟುಗಳು ಅಳಿವೆಯ ಹತ್ತಿರ ಕಾಸರಕೋಡಿನಲ್ಲೇ ನಿಲ್ಲುತ್ತವೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಈ ಹೊಳೆಯ ದಂಡೆಯಲ್ಲೇ ಇದೆ, ನಿಜ. ಆದರೆ ಈಗ ಅಲ್ಲಿಂದ ಇಳಿದುಬರುವುದು ವಿದ್ಯುತ್ತು ಮಾಡಿ ಮುಗಿಸಿದ ನೀರು. ಈ ದೋಣಿಯವನಿಗೆ ಎರಡು ಕಂಬಗಳ ನಡುವಿನ ಜಾಗ ಧಾರಾಳ.

ಹೇಳುತ್ತಾ ಹೇಳುತ್ತಾ ಭಾವನ ಕೈಗಳು ಮತ್ತೆ ಅಡ್ಡ ಚಾಚಿದ್ದವು. ಮಂಕಿ ಹತ್ತಿರ ಬಂದಾಗ ಒಳಗಿನ ಸೀಟಿನ ಹೆಂಗಸು ಹರಿವೆ ಕಟ್ಟಿನ ಬುಟ್ಟಿ ಎತ್ತಿಕೊಂಡು ನಿಂತಳು. ಇಷ್ಟು ಹೊತ್ತೂ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ.

“ಅಣ್ಣಾ, ನಿಮ್ಮ ಸೇತುವೆ ಸ್ವಲ್ಪ ತೆಗೀರಿ. ನನ್ನ ಹಡಗು ಇಳೀಬೇಕು.”