ಟೀಪಾಯಿ ಮೇಲೆ ಕೂತು ಮಾಡಿದ ಸಂದರ್ಶನ

ಸಂದರ್ಶನ ಕೊಡಬೇಕಾದ ಹಿರಿಯರು ಒಂದೂರಲ್ಲಿ, ನಾನು ಇನ್ನೊಂದೂರಲ್ಲಿ. ಹೋಗಿಬರುವ ಖರ್ಚಿಗಿಂತ ಅಲ್ಲಿನ ವಿಡಿಯೋ ತಂಡವನ್ನೇ ಅರ್ಧ ದಿನಕ್ಕೆ ಗೊತ್ತುಮಾಡಿ, ನಾನು ಇಲ್ಲಿಂದಲೇ ವಿಡಿಯೋ ಕಾಲಿನಲ್ಲಿ ಪ್ರಶ್ನೆ ಕೇಳುವುದು ವಾಸಿ ಅನ್ನಿಸಿತು. ಮೂರು ತಂಡದವರು ತಮ್ಮ ಕೆಲಸದ ತುಣುಕು ಕಳಿಸಿದರು. ಎಲ್ಲದರಲ್ಲೂ ಡ್ರೋನು, ಸೂರ್ಯಾಸ್ತ, ಹಿನ್ನೆಲೆ ಸಂಗೀತ. ಕೂತು ಮಾತಾಡುವ ಮನುಷ್ಯನನ್ನು ಹೇಗೆ ತೆಗೀತಾರೆ ಅನ್ನುವುದು ಇದರಿಂದ ಗೊತ್ತಾಗುವುದು ಹೇಗೆ? "ಎಡಿಟ್ ಮಾಡದ ಹತ್ತು ನಿಮಿಷದ ಮಾತುಕತೆ ಇದ್ದರೆ ಕಳಿಸಿ" ಅಂದೆ. ಒಬ್ಬರು ಮಾತ್ರ ಕಳಿಸಿದರು. ಅವರನ್ನೇ ಒಪ್ಪಿಸಿದೆ.

ನಾನು ಕಳಿಸಿದ ಪಟ್ಟಿ ಎರಡು ಪುಟ: 4ಕೆ, ಸೆಕೆಂಡಿಗೆ 25 ಫ್ರೇಮ್, ಕಾಲರ್ ಮೈಕಿನ ಜೊತೆ ಉದ್ದ ಕೋಲಿನ ಬೂಮ್ ಮೈಕು, ಮೆಮೊರಿ ಕಾರ್ಡಿನಿಂದ ಎರಡು ಪ್ರತಿ. ನಾನು ಎಲ್ಲಿ ಕೂರುತ್ತೇನೆ ಅನ್ನುವುದನ್ನೇ ಬರೆದಿರಲಿಲ್ಲ.

ವಿಡಿಯೋ ಕಾಲ್ ಶುರುವಾದಾಗ ನಾನಿದ್ದದ್ದು ಟೀಪಾಯಿ ಮೇಲೆ, ಲ್ಯಾಪ್‌ಟಾಪಿನ ಪರದೆಯೊಳಗೆ. ಹಿರಿಯರು ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು. ಫ್ರೇಮಿನಲ್ಲಿ ಮಾತ್ರ ತಮ್ಮ ಮೊಣಕಾಲಿಗೆ ಏನೋ ಬುದ್ಧಿ ಹೇಳುತ್ತಿದ್ದಂತಿತ್ತು. ಕ್ಯಾಮೆರಾದವರು ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಲ್ಯಾಪ್‌ಟಾಪನ್ನು ಲೆನ್ಸಿನ ಪಕ್ಕಕ್ಕೆ, ಅದರದೇ ಎತ್ತರಕ್ಕೆ ತಂದರು. ಕಣ್ಣಿನ ಸಮಸ್ಯೆ ಮುಗಿಯಿತು, ಕಿವಿಯದು ಶುರುವಾಯಿತು. ನನ್ನ "ಹ್ಞೂಂ, ಹೌದಾ" ಎಲ್ಲ ತಡವಾಗಿ ಸ್ಪೀಕರಿನಿಂದ ಹೊರಟು ಅವರ ಮುಂದಿನ ವಾಕ್ಯದ ಮೇಲೆ ಬೀಳುತ್ತಿತ್ತು. ಅವರು ನಿಲ್ಲಿಸುತ್ತಿದ್ದರು, ನಾನೂ ನಿಲ್ಲಿಸುತ್ತಿದ್ದೆ. "ಪ್ರಶ್ನೆ ಕೇಳಿ ಮ್ಯೂಟ್ ಮಾಡ್ಕೊಳ್ಳಿ ಸರ್, ಆಮೇಲೆ ಬರೀ ತಲೆಯಾಡಿಸಿ" ಅಂದರು ಸೌಂಡಿನವರು. ಒಂದು ಗಂಟೆ ಕೋಲೆಬಸವನಾದೆ.

ಅದಕ್ಕೂ ಮೊದಲು ಆ ಸೌಂಡಿನವರು ಹೆಡ್‌ಫೋನ್ ಒತ್ತಿ ಹಿಡಿದು "ಫ್ರಿಜ್ಜು ಗುಂಯ್ ಅಂತಿದೆ" ಅಂದಿದ್ದರು. ನನಗೆ ಏನೂ ಕೇಳಿಸಿರಲಿಲ್ಲ. ಒಂದೇ ಸಮನೆ ಬರುವ ಗದ್ದಲವನ್ನು ವಿಡಿಯೋ ಕಾಲಿನ ಆ್ಯಪ್‌ಗಳು ತಾವೇ ಅಳಿಸಿ ಕಳಿಸುತ್ತವಲ್ಲ, ದೂರದಲ್ಲಿದ್ದವನಿಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮೈಕಿನಲ್ಲಿ ಗುಂಯ್ ಹಾಗೇ ಉಳಿದಿರುತ್ತದೆ. ಅವರು ಎದ್ದು ಹೋಗಿ ಫ್ರಿಜ್ ಆಫ್ ಮಾಡಿ, ಜೇಬಿನಿಂದ ಬೈಕಿನ ಕೀ ತೆಗೆದು ಒಳಗಿಟ್ಟು ಬಾಗಿಲು ಹಾಕಿದರು. ನಾನು ಕಣ್ಣರಳಿಸಿದ್ದು ಪರದೆಯಲ್ಲಿ ಕಂಡಿರಬೇಕು. "ಆನ್ ಮಾಡೋದು ಮರೆತರೆ ಮನೆಗೆ ಹೋಗೋಕಾಗಲ್ಲ ಸರ್." ಈ ಉಪಾಯಕ್ಕೇ ಅರ್ಧ ಸಂಬಳ ಕೊಡಬಹುದಿತ್ತು.

ಮಾತು ಮುಗಿದ ಮೇಲೆ 30 ಸೆಕೆಂಡು ಯಾರೂ ಅಲುಗದೆ ಕೂತೆವು. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗಕ್ಕೆ ತುಂಬಲು ಆ ಕೋಣೆಯದೇ ಮೌನ ಬೇಕು.

ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಯ ಚಿತ್ರ 45 ಜಿಬಿ. ತಂಡದವರ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ 10 ಮೆಗಾಬಿಟ್, ಅಂದರೆ ಹತ್ತು ಗಂಟೆ. ಮೊದಲು ಧ್ವನಿಯನ್ನಷ್ಟೇ ಕಳಿಸಿ ಅಂದೆ. ರಾತ್ರಿ ಕೇಳುತ್ತಾ ಕೂತೆ. ಮಾತು, ಆಮೇಲೆ ಆ 30 ಸೆಕೆಂಡು, ಆಮೇಲೆ ರೆಕಾರ್ಡರ್ ನಿಲ್ಲಿಸುವುದನ್ನು ಮರೆತೇ ಯಾರೋ ನಡೆದು ಹೋದ ಹೆಜ್ಜೆ ಸದ್ದು, ಫ್ರಿಜ್ಜಿನ ಬಾಗಿಲು, ಕೀ ಗೊಂಚಲಿನ ಕಿಣಿಕಿಣಿ.