ಅಂದು ರದ್ದು ಮಾಡಿದ್ದ ಕಡಲತೀರಕ್ಕೆ

ಥಾಯ್ಲೆಂಡಿನ ಫುಕೆಟ್ ದ್ವೀಪದ ಕರೋನ್ ಕಡಲತೀರದಲ್ಲಿ 2005ರ ಫೆಬ್ರವರಿಗೆ ನಾವೊಂದು ಕೋಣೆ ಕಾದಿರಿಸಿದ್ದೆವು. ಮದುವೆಯಾಗಿ ಎರಡನೇ ವರ್ಷ. ಇಬ್ಬರಿಗೂ ಅದೇ ಮೊದಲ ವಿದೇಶ ಪ್ರವಾಸ. ಪಾಸ್‌ಪೋರ್ಟಿನ ಹೊಸ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. 2004ರ ಡಿಸೆಂಬರ್ 26ರ ಭಾನುವಾರ ಸುನಾಮಿಯ ನೀರು ನುಗ್ಗುವುದನ್ನು ಟೀವಿಯಲ್ಲಿ ನೋಡಿದೆವು. ಎರಡು ದಿನ ಬಿಟ್ಟು ಏಜೆಂಟರಿಗೆ ಫೋನ್ ಮಾಡಿ ಎಲ್ಲವನ್ನೂ ರದ್ದು ಮಾಡಿಸಿದೆವು. ಕರೋನ್‌ನಲ್ಲಿ ಏನಾಗಿದೆ, ನಾವು ಇಳಿದುಕೊಳ್ಳಬೇಕಿದ್ದ ಹೋಟೆಲು ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ಅಷ್ಟು ಸಾವಿನ ನಡುವೆ ರಜೆ ಕಳೆಯಲು ಹೋಗುವುದು ತಪ್ಪು ಅನ್ನಿಸಿತ್ತು. ಹಾಗೆ ಅನ್ನಿಸಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ತುದಿಯಲ್ಲಿ ಯಾರೋ ನಮ್ಮ ದಾರಿ ಕಾಯುತ್ತಿದ್ದರು ಎಂಬುದು ನನಗೆ ಹೊಳೆದದ್ದು ಇಪ್ಪತ್ತು ವರ್ಷ ಕಳೆದು ಅಲ್ಲಿಗೆ ಕಾಲಿಟ್ಟ ಮೇಲೆ.

ಫುಕೆಟ್‌ನಲ್ಲಿ ರನ್‌ವೇ ಮುಗಿದಲ್ಲಿಯೇ ಮರಳು ಶುರುವಾಗುತ್ತದೆ. ಅಲ್ಲಿಂದ ಉತ್ತರಕ್ಕೆ ಉದ್ದಕ್ಕೆ ಹಬ್ಬಿಕೊಂಡಿರುವುದು ಮೈ ಖಾವೊ ತೀರ. ಇಂಗ್ಲೆಂಡಿನಿಂದ ಅಪ್ಪ ಅಮ್ಮನ ಜೊತೆ ಬಂದಿದ್ದ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಹುಡುಗಿ ಸುನಾಮಿಯ ದಿನ ಬೆಳಿಗ್ಗೆ ನಡೆದಾಡುತ್ತಿದ್ದದ್ದು ಇಲ್ಲೇ. ಸಮುದ್ರ ನೊರೆಗಟ್ಟಿ ವಿಚಿತ್ರವಾಗಿ ವರ್ತಿಸುತ್ತಿರುವುದನ್ನು ಕಂಡು, ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿಯ ಬಗ್ಗೆ ಕಲಿತದ್ದು ಅವಳಿಗೆ ನೆನಪಾಯಿತು. ದೊಡ್ಡವರು ನಂಬದಿದ್ದರೂ ಹಟ ಬಿಡಲಿಲ್ಲ. ಕೊನೆಗೆ ತೀರ ಖಾಲಿ ಮಾಡಿಸಿದರು. ಅಲ್ಲಿದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ವಿಮಾನ ಇಳಿಯುವಾಗ ಕಿಟಕಿಯಿಂದ ಆ ಮರಳನ್ನು ನೋಡುತ್ತಾ ನಮ್ಮವರಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವರು ಏನೂ ಅನ್ನದೆ ಕೈ ಹಿಡಿದುಕೊಂಡರು.

ಕರೋನ್‌ನ ಮರಳು ತುಂಬ ನಯ. ಒಣ ಮರಳಿನ ಮೇಲೆ ಹೆಜ್ಜೆ ಎಳೆದರೆ ಕಿರ್ರ್ ಎನ್ನುತ್ತದೆ. ಮೊದಲ ಸಂಜೆಯೆಲ್ಲ ಆ ಸದ್ದು ಕೇಳಿಸಿಕೊಂಡೇ ನಡೆದೆವು. ಇಲ್ಲಿಗೂ ನೀರು ಬಂದಿತ್ತು, ಆದರೆ ಹತ್ತಿರದ ಪಾತೊಂಗ್, ಕಮಲಾ ತೀರಗಳಲ್ಲಿ ಆದಷ್ಟು ನಾಶ ಇಲ್ಲಿ ಆಗಿರಲಿಲ್ಲ. ಫುಕೆಟ್ ದ್ವೀಪದಲ್ಲಿ ಒಟ್ಟಾರೆ ನೋಡಿದರೆ ಹೆಚ್ಚಿನ ಹೋಟೆಲು ಕೋಣೆಗಳಿಗೆ ಏನೂ ಆಗಿರಲಿಲ್ಲ. ಹಾಗಿದ್ದೂ ಮುಂದಿನ ತಿಂಗಳುಗಳಲ್ಲಿ ಆ ಕೋಣೆಗಳು ಖಾಲಿ ಬಿದ್ದವು. ಅದರಲ್ಲೊಂದು ನಮ್ಮದು.

ಮರುದಿನದಿಂದ ನಮ್ಮ ಜೊತೆಗಿದ್ದ ವ್ಯಾನ್ ಚಾಲಕರಿಗೆ ಐವತ್ತೈದರ ಆಸುಪಾಸು. ಬಿಡಿಬಿಡಿಯಾದ ಇಂಗ್ಲಿಷ್, ಆದರೆ ಹೇಳಬೇಕಾದ್ದನ್ನು ಬಿಡದೆ ಹೇಳುವವರು. 2004ರಲ್ಲಿ ಸಾಲ ಮಾಡಿ ಸ್ವಂತ ವ್ಯಾನ್ ತೆಗೆದುಕೊಂಡಿದ್ದರಂತೆ. ಸುನಾಮಿಯ ದಿನ ಅದು ಗುಡ್ಡದ ಮೇಲಿನ ಮನೆಯ ಮುಂದೆ ನಿಂತಿತ್ತು. “ಒಂದು ಗೀರೂ ಬಿದ್ದಿರಲಿಲ್ಲ ಮೇಡಮ್. ಏಪ್ರಿಲ್‌ನಲ್ಲಿ ಫೈನಾನ್ಸಿನವರು ಬಂದು ಒಯ್ದರು,” ಎಂದರು.

ಅವರ ಹೆಂಡತಿ ಕರೋನ್‌ನ ಒಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸದಲ್ಲಿದ್ದರು. ಜನವರಿಯಲ್ಲಿ ಹೋಟೆಲಿನವರು ಕೆಲಸಗಾರರನ್ನು ಕರೆದು, ಅತಿಥಿಗಳು ಬರುವವರೆಗೆ ಸಂಬಳವಿಲ್ಲದ ರಜೆ ಎಂದರು. ರಾತ್ರಿ ಆ ಕಟ್ಟಡದ ಕಡೆ ನೋಡಿದರೆ ಮಹಡಿಗೆ ಒಂದೋ ಎರಡೋ ದೀಪ. ಹಾಸಿಗೆಗೆ ಬಿಳಿ ಚಾದರ ಹಾಸಿ, ಸ್ನಾನದ ಟವೆಲು ಮಡಚಿಟ್ಟು ಬಂದಿದ್ದ ಕೋಣೆಗಳನ್ನು ವಾರ ಬಿಟ್ಟು ಹೋಗಿ ಧೂಳು ಕೊಡವಿ ಮತ್ತೆ ಹಾಗೆಯೇ ಹಾಸಿ ಬರುತ್ತಿದ್ದರಂತೆ ಆಕೆ. ಇದನ್ನು ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ನಾವು ರದ್ದು ಮಾಡಿದ ಕೋಣೆಗೂ ಹೀಗೆಯೇ ಯಾರೋ ಚಾದರ ಹಾಸಿರಬೇಕು.

ಈ ಕರಾವಳಿಯ ಲೆಕ್ಕಾಚಾರ ಗೊತ್ತಿಲ್ಲದೆ ಆ ನಷ್ಟದ ಅಳತೆ ಸಿಕ್ಕುವುದಿಲ್ಲ. ಅಂಡಮಾನ್ ಸಮುದ್ರದ ಈ ದಂಡೆಯಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮುಂಗಾರು, ಅಬ್ಬರದ ಅಲೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೀಸನ್ನು. ಆ ಆರು ತಿಂಗಳಲ್ಲಿ ದುಡಿದದ್ದೇ ವರ್ಷದ ಅನ್ನ. ಸುನಾಮಿ ಬಂದದ್ದು ಕ್ರಿಸ್ಮಸ್ಸಿನ ಮರುದಿನ, ಸೀಸನ್ನಿನ ನಡುಹೊಟ್ಟೆಗೆ. ಕಳೆದುಕೊಂಡದ್ದು ನಾಲ್ಕು ತಿಂಗಳ ಗಿರಾಕಿಗಳನ್ನು. ಆದರೆ ಆಮೇಲೆ ಮಳೆಗಾಲ, ಮತ್ತೆ ನವೆಂಬರ್ ಬರುವವರೆಗೆ ಕೈಯಲ್ಲಿ ಕಾಸಿಲ್ಲ. ಈಶಾನ್ಯದ ಈಸಾನ್ ಪ್ರದೇಶದಿಂದ ಕೆಲಸಕ್ಕೆ ಬಂದವರು ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದರು. ಇಲ್ಲೇ ಹುಟ್ಟಿದವರಿಗೆ ಆ ದಾರಿಯೂ ಇರಲಿಲ್ಲ.

ಹೊರಗಿನವರಿಗೆ ಈ ಭೇದ ಯಾವುದೂ ಕಾಣಿಸಲಿಲ್ಲ. ಗಾಯಾಳುಗಳನ್ನು ಸಾಗಿಸಿದ್ದು ಫುಕೆಟ್‌ಗೆ, ಪರಿಹಾರದ ಕೆಲಸ ನಡೆದದ್ದು ಫುಕೆಟ್‌ನಿಂದ, ವಿದೇಶಿ ಪತ್ರಕರ್ತರು ಇಳಿದದ್ದೂ ಫುಕೆಟ್‌ನಲ್ಲೇ. ಹೀಗಾಗಿ ಎಲ್ಲಿಯ ದೃಶ್ಯ ತೋರಿಸಿದರೂ ಅದಕ್ಕೆ ಅಂಟಿದ ಹೆಸರು ಫುಕೆಟ್. ಥಾಯ್ಲೆಂಡಿನಲ್ಲಿ ಅತಿ ಹೆಚ್ಚು ಜನ ಸತ್ತದ್ದು ಅಲ್ಲಿಂದ ಉತ್ತರಕ್ಕೆ, ಫಾಂಗ್‌ಙಾ ಪ್ರಾಂತ್ಯದ ಖಾವೊ ಲಾಕ್‌ನಲ್ಲಿ. ಮೂರನೇ ದಿನ ನಾವು ಹೊರಟಿದ್ದು ಅಲ್ಲಿಗೆ.

ಸರಾಸಿನ್ ಸೇತುವೆ ದಾಟಿದರೆ ದ್ವೀಪ ಮುಗಿದು ಮುಖ್ಯ ಭೂಮಿ. ರಬ್ಬರ್ ತೋಟಗಳ ನಡುವಿನ ದಾರಿ, ಕೊನೆಗೊಂದು ಘಾಟಿ ಇಳಿದರೆ ಎಡಕ್ಕೆ ಕಡಲು ತೆರೆದುಕೊಳ್ಳುತ್ತದೆ. ಜಾಗದ ಚೆಲುವೇ ಅಂದು ಅದಕ್ಕೆ ಮುಳುವಾಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಹಿಂದೆ ಕಾಡು ಹೊದ್ದ ಬೆಟ್ಟ, ಮುಂದೆ ನಿಧಾನಕ್ಕೆ ಆಳವಾಗುತ್ತ ಹೋಗುವ ಸಮುದ್ರ, ನಡುವೆ ಚಪ್ಪಟೆ ನೆಲ. ಆ ಚಪ್ಪಟೆ ನೆಲದಲ್ಲೇ ಒಂದಂತಸ್ತಿನ ಕಾಟೇಜುಗಳು ಸಾಲಾಗಿದ್ದವು. ಸುಮಾತ್ರಾದ ಬಳಿ 9.1 ತೀವ್ರತೆಯ ಭೂಕಂಪ ಆದದ್ದು ಇಲ್ಲಿಯ ಸಮಯ ಬೆಳಿಗ್ಗೆ 8ಕ್ಕೆ ಸ್ವಲ್ಪ ಮುಂಚೆ. ಬೆಳಿಗ್ಗೆ ಹತ್ತು ದಾಟಿದ ಮೇಲೆ ಸಮುದ್ರ ಹಿಂದಕ್ಕೆ ಸರಿಯಿತು. ಇದೇನು ವಿಚಿತ್ರ ಎಂದು ಜನ ಬರಿದಾದ ತಳದತ್ತ ನಡೆದು ಹೋದರು. ಆಮೇಲೆ ಬಂದ ನೀರು ಕೆಲವು ಕಡೆ ಹತ್ತು ಮೀಟರ್ ಎತ್ತರ ಮುಟ್ಟಿತು. ಎರಡೂವರೆ ಗಂಟೆ ಸಮಯವಿತ್ತು. ಎಚ್ಚರಿಸುವ ವ್ಯವಸ್ಥೆ ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ. ಈ ಒಂದು ಸಂಗತಿ ನನ್ನನ್ನು ಇವತ್ತಿಗೂ ಕುಟುಕುತ್ತದೆ. ದೇಶದಲ್ಲಿ ಸತ್ತವರು 5,300ಕ್ಕೂ ಹೆಚ್ಚು, ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ವಿದೇಶಿಯರು.

ಖಾವೊ ಲಾಕ್‌ನ ಬಾಂಗ್ ನಿಯಾಂಗ್‌ನಲ್ಲಿ ಹೆದ್ದಾರಿಯ ಪಕ್ಕ ಒಂದು ದೋಣಿ ಇದೆ. ಪೊಲೀಸ್ ಗಸ್ತುದೋಣಿ 813. ಥಾಯ್ಲೆಂಡಿನ ಅಂದಿನ ರಾಜ ಭೂಮಿಬೋಲರ ಮೊಮ್ಮಗ, 21 ವರ್ಷದ ಭೂಮಿ ಜೆನ್ಸನ್ ಆ ದಿನ ಇಲ್ಲಿ ನೀರಾಟದಲ್ಲಿದ್ದರು. ಅವರ ಕಾವಲಿಗೆ ಈ ದೋಣಿ ಸಮುದ್ರದಲ್ಲಿ ನಿಂತಿತ್ತು. ಹುಡುಗ ಉಳಿಯಲಿಲ್ಲ. ದೋಣಿಯನ್ನು ಅಲೆ ಎತ್ತಿಕೊಂಡು ಬಂದು ದಡದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಒಳಗೆ ಇಳಿಸಿತು. ಆ ದೋಣಿಯ ಪಕ್ಕ ನಿಂತು ಸಮುದ್ರ ಎಲ್ಲಿ ಎಂದು ನೋಡಿದೆ. ಕಾಣಲಿಲ್ಲ, ಕೇಳಿಸಲೂ ಇಲ್ಲ. ರಸ್ತೆ, ಅಂಗಡಿ, ಮರಗಳು. ನಿಂತಲ್ಲಿಂದ ನನ್ನ ತಲೆಗಿಂತ ಎಷ್ಟೋ ಮೇಲೆ ಅದರ ಮೂತಿ. ಕಾಗದದ ದೋಣಿಯಂತೆ ಇದು ಇಲ್ಲಿಗೆ ತೇಲಿ ಬಂತು ಅಂದುಕೊಳ್ಳುವಾಗ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು.

ಇನ್ನೂ ಉತ್ತರಕ್ಕೆ ಬಾನ್ ನಾಮ್ ಖೆಮ್. ಹೆಸರಿನ ಅರ್ಥವೇ ಉಪ್ಪುನೀರಿನ ಊರು. ಇದು ಪ್ರವಾಸಿಗರ ಜಾಗವಲ್ಲ, ಮೀನುಗಾರರ ಹಳ್ಳಿ. ಸಾವಿನ ಪಾಲು ಮಾತ್ರ ಎಲ್ಲರಿಗಿಂತ ಹೆಚ್ಚು ಬಿದ್ದ ಊರುಗಳಲ್ಲಿ ಒಂದು. ಇಲ್ಲಿಯ ಸ್ಮಾರಕದಲ್ಲಿ ಒಂದು ಕಡೆ ಅಲೆಯಂತೆ ಬಾಗಿದ ಕಾಂಕ್ರೀಟ್ ಗೋಡೆ, ಎದುರಿಗೆ ಸತ್ತವರ ಹೆಸರಿನ ಫಲಕಗಳು. ನಡುವಿನ ಕಿರುದಾರಿಯಲ್ಲಿ ನಡೆದರೆ ಎರಡೂ ಮೈಗೆ ಒತ್ತಿಕೊಂಡಂತೆ. ಕೆಲವು ಫಲಕಗಳ ಮೇಲೆ ಪುಟ್ಟ ಫೋಟೊ. ಉಪ್ಪುಗಾಳಿಗೆ ಬಣ್ಣ ಮಾಸಿ ಮುಖಗಳು ನೀಲಿಗೆ ತಿರುಗಿವೆ. ಒಂದರ ಕೆಳಗೆ ಯಾರೋ ಬೆಳಿಗ್ಗೆಯಷ್ಟೇ ಇಟ್ಟು ಹೋದ ಹಳದಿ ಹೂವು, ಇನ್ನೂ ಬಾಡಿರಲಿಲ್ಲ. ನಮ್ಮ ಚಾಲಕರು ಚಪ್ಪಲಿ ಬಿಟ್ಟು, ಒಂದು ಹೆಸರಿನ ಮುಂದೆ ಕೈ ಮುಗಿದು ನಿಂತರು. ಯಾರು ಎಂದು ನಾವು ಕೇಳಲಿಲ್ಲ.

ಖಾವೊ ಲಾಕ್‌ನಲ್ಲಿ ಎರಡು ರಾತ್ರಿ ಉಳಿದೆವು. ನಮ್ಮ ಚಿಕ್ಕ ಹೋಟೆಲಿನ ಒಡತಿ ಸುನಾಮಿಯ ನಂತರ ಇಲ್ಲಿ ಮತ್ತೆ ಕಟ್ಟಿದವರು. ಸಂಜೆ ವರಾಂಡದಲ್ಲಿ ಕೂತು ಅವರು ಹೇಳಿದ್ದು ನನಗೆ ಹೊಸದು. ಮೊದಲು ವಾಪಸಾದವರು ಅತಿ ಹೆಚ್ಚು ಕಳೆದುಕೊಂಡವರಂತೆ. ಸ್ವೀಡನ್ನಿನವರು, ಜರ್ಮನಿಯವರು. ಸ್ವೀಡನ್ ಎಂಬ ಸಣ್ಣ ದೇಶ ಈ ಸುನಾಮಿಯಲ್ಲಿ 540ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಮಗಳು ಹೋದ ಜಾಗದಲ್ಲಿ ದೀಪ ಹಚ್ಚಲು ಬಂದ ತಂದೆ ತಾಯಿ, ಮರುವರ್ಷ ಮತ್ತೆ ಬಂದರು, ಆಮೇಲೆ ಪ್ರತಿ ಡಿಸೆಂಬರ್. ಅವರಿಗೆ ಊಟ ಬಡಿಸುತ್ತಲೇ ಹೋಟೆಲು ಮತ್ತೆ ಉಸಿರಾಡತೊಡಗಿತು. ತಡವಾಗಿ ಬಂದವರು ಚೀನಾ, ಹಾಂಗ್‌ಕಾಂಗ್, ತೈವಾನ್ ಕಡೆಯವರು, ಥಾಯ್ ಜನರೂ ಸಹ. ಹೆಣ ಸಿಗದೆ, ಕರ್ಮಾಂತರವಿಲ್ಲದೆ ಹೋದವರ ಆತ್ಮಗಳು ದಡದಲ್ಲಿ ಅಲೆಯುತ್ತವೆ ಎಂಬ ಭಯ. ಆಕೆ ಇದನ್ನು ತಳ್ಳಿಹಾಕುವ ದನಿಯಲ್ಲಿ ಹೇಳಲಿಲ್ಲ. ತಾನೂ ಮೊದಲು ಭಿಕ್ಷುಗಳನ್ನು ಕರೆಸಿ ಮಂತ್ರ ಓದಿಸಿ, ಆಮೇಲೇ ಬಾಗಿಲು ತೆಗೆದೆ ಎಂದರು. ತಕುವಾ ಪಾ ಊರಿನ ಯಾನ್ ಯಾವೊ ದೇವಾಲಯದ ಅಂಗಳದಲ್ಲಿ ಸಾಲು ಸಾಲು ಶವಗಳ ಗುರುತು ಹಿಡಿಯುವ ಕೆಲಸ ನಡೆದದ್ದನ್ನು ಕಂಡವರಿಗೆ ಆ ಭಯವನ್ನು ಮೂಢನಂಬಿಕೆ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಸತ್ತವರ ದುಃಖ ಆರುವ ಮುಂಚೆಯೇ ಜಾಗದ ಜಗಳವೂ ಶುರುವಾಗಿತ್ತು. ಸಮುದ್ರದ ಬದಿಯ ನೆಲಕ್ಕೆ ಪ್ರವಾಸೋದ್ಯಮದಿಂದ ಬೆಲೆ ಬಂದಿತ್ತು. ತಲೆಮಾರುಗಳಿಂದ ಇದ್ದ ಎಷ್ಟೋ ಮೀನುಗಾರರ ಬಳಿ ಕಾಗದಪತ್ರ ಇರಲಿಲ್ಲ. ಮನೆ ಕೊಚ್ಚಿಹೋದ ಜಾಗಕ್ಕೆ ಮಕ್ಕಳ ಹೆಣ ಹುಡುಕಲು ಹೋದವರನ್ನೂ ತಡೆದದ್ದುಂಟು. ಸುನಾಮಿಯ ಬಗ್ಗೆ ಅಷ್ಟು ಓದಿದ್ದ ನಾನು ಇದನ್ನು ತಿಳಿದಿರಲಿಲ್ಲ. ರೆಸಾರ್ಟುಗಳು ಮತ್ತೆ ಎದ್ದು ನಿಂತದ್ದನ್ನು ಚೇತರಿಕೆ ಎಂದು ಬರೆಯುವಾಗ ಆ ಗೋಡೆಗಳ ಕೆಳಗಿನ ನೆಲ ಯಾರದಾಗಿತ್ತು ಎಂದೂ ಬರೆಯಬೇಕು.

ದಡದುದ್ದಕ್ಕೂ ಈಗ ನೀಲಿ ಫಲಕಗಳಿವೆ: ಎತ್ತರಕ್ಕೆ ಓಡುವ ಮನುಷ್ಯನ ಚಿತ್ರ, ಹಿಂದೆ ಅಲೆ, ಬಾಣದ ಗುರುತು. ಅಲ್ಲಲ್ಲಿ ಧ್ವನಿವರ್ಧಕ ಹೊತ್ತ ಎಚ್ಚರಿಕೆ ಗೋಪುರಗಳು. 2012ರ ಏಪ್ರಿಲ್ 11ರಂದು ಸುಮಾತ್ರಾದಾಚೆ 8.6 ತೀವ್ರತೆಯ ಭೂಕಂಪ ಆದಾಗ ಇವು ನಿಜಕ್ಕೂ ಕೂಗಿದವು. ಜನ ಗುಡ್ಡ ಹತ್ತಿದರು. ಭೂಮಿಯ ಫಲಕಗಳು ಮೇಲೆ ಕೆಳಗೆ ಏಳದೆ ಅಡ್ಡಡ್ಡ ಸರಿದಿದ್ದರಿಂದ ಅಂದು ದೊಡ್ಡ ಅಲೆ ಬರಲಿಲ್ಲ. “ಅವತ್ತು ನನ್ನ ಅತಿಥಿಗಳು ರಾತ್ರಿ ವಾಪಸ್ ಬಂದು ಇಲ್ಲೇ ಮಲಗಿದರು. ಗೋಪುರ ಕೂಗಿದ್ದರಿಂದಲೇ ಅವರಿಗೆ ನಂಬಿಕೆ ಬಂತು,” ಎಂದರು ಒಡತಿ. ಹೋಟೆಲಿನ ಬಾಗಿಲ ಹಿಂದೆ ಓಡಬೇಕಾದ ದಾರಿಯ ನಕ್ಷೆ ಅಂಟಿಸಿದರೆ ಅತಿಥಿಗಳು ಹೆದರುತ್ತಾರೆ ಎಂದು ವಾದಿಸುವ ಮಾಲೀಕರು ಎಲ್ಲ ಕಡಲತೀರಗಳಲ್ಲೂ ಇದ್ದಾರೆ. ಅವರು ಈಕೆಯ ಮಾತು ಕೇಳಬೇಕು.

ಹೊರಡುವ ದಿನ ಬುಧವಾರ. ನಾನೊಬ್ಬಳೇ ಬೇಗ ಎದ್ದು ದಡಕ್ಕೆ ಹೋಗಿದ್ದೆ. ನೀರು ತೀರ ಶಾಂತವಾಗಿತ್ತು. ಪಾದದ ಮೇಲೆ ಹತ್ತಿ ಇಳಿಯುವ ತೆಳು ಪದರ ಅಷ್ಟೇ. ಸರಿಯಾಗಿ ಎಂಟಕ್ಕೆ ಮರಗಳ ಮೇಲಿನ ಗೋಪುರದಿಂದ ಜೋರಾಗಿ ಸದ್ದು ಬಂತು. ಎದೆ ಧಸಕ್ಕೆಂದಿತು. ತಿರುಗಿ ನೋಡಿದರೆ ಛತ್ರಿ ನಿಲ್ಲಿಸುತ್ತಿದ್ದ ಹುಡುಗ ನೆಟ್ಟಗೆ ನಿಂತಿದ್ದಾನೆ, ಮರಳು ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದು ನಿಂತಿದ್ದಾಳೆ. ಥಾಯ್ಲೆಂಡಿನ ರಾಷ್ಟ್ರಗೀತೆ. ಗೋಪುರ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಬುಧವಾರ ಬುಧವಾರ ಹೀಗೆ ಹಾಕುತ್ತಾರೆಂದು ಆಮೇಲೆ ಗೊತ್ತಾಯಿತು. ನಾನೂ ನಿಂತೆ. ಹಾಡು ಮುಗಿಯಿತು, ಹುಡುಗ ಛತ್ರಿ ಬಿಚ್ಚಿದ, ಹೆಂಗಸು ಮತ್ತೆ ಗುಡಿಸತೊಡಗಿದಳು. ಆ ಸಾಲಿನಲ್ಲಿ ಎರಡು ಕುರ್ಚಿ ಬಾಡಿಗೆಗೆ ತೆಗೆದುಕೊಂಡು, ನಮ್ಮವರನ್ನು ಕರೆಯಲು ಹೋದೆ.